“ಇದೆಲ್ಲ ಎಣ್ಣೆಗೋಸ್ಕರ ಅಲ್ವಾ ಸರ್?”

ನಾನು ಪಿಯು ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಪಾಠ ಮಾಡುತ್ತೇನೆ. ಲಿಬಿಯಾ, ಸಿರಿಯಾ, ಸುಡಾನ್, ಯಾವ ದೇಶದ ಅಂತರ್ಯುದ್ಧದ ಮಾತು ಎತ್ತಿದರೂ ತರಗತಿಯಲ್ಲಿ ಒಬ್ಬರಾದರೂ ಕೇಳುತ್ತಾರೆ: “ಇದೆಲ್ಲ ಎಣ್ಣೆಗೋಸ್ಕರ ಅಲ್ವಾ ಸರ್?” ಮದುವೆ ಊಟಕ್ಕೆ ಪಂಕ್ತಿಯಲ್ಲಿ ಕೂತರೆ ಪಕ್ಕದಲ್ಲಿರುವ ಭಾವನೂ ಅದನ್ನೇ ಕೇಳುತ್ತಾರೆ. ಹೊರದೇಶದವರು ಇನ್ನೊಬ್ಬರ ಮನೆ ಜಗಳಕ್ಕೆ ತಲೆ ಹಾಕುವುದು ಪೆಟ್ರೋಲು, ಗ್ಯಾಸಿನ ಆಸೆಗೆ ಎಂಬ ಅನುಮಾನ ಎಲ್ಲರಿಗೂ ಇದೆ. ಅನುಮಾನ ಸುಳ್ಳಲ್ಲ. ಆದರೆ ಎಲೆಗೆ ಪಾಯಸ ಬರುವಷ್ಟರಲ್ಲಿ ಹೇಳಿ ಮುಗಿಸುವಂಥ ಉತ್ತರ ನನ್ನ ಹತ್ತಿರ ಇಲ್ಲ. ಅದಕ್ಕೇ ಇಲ್ಲಿ ಕೂತು ಬರೆಯುತ್ತಿದ್ದೇನೆ.

ನನಗೆ ತಿಳಿದ ಮಟ್ಟಿಗೆ ಯುದ್ಧ ಹುಟ್ಟುವುದು ಬಹಳ ಸಲ ಬೇರೆ ಕಾರಣಕ್ಕೆ. ಆದರೆ ಹೊರಗಿನವರು ಯಾರು ಬರುತ್ತಾರೆ, ಯಾರ ಪಕ್ಕ ನಿಲ್ಲುತ್ತಾರೆ, ಯಾವ ಊರು ಕಾಯುತ್ತಾರೆ, ಯಾವ ಊರನ್ನು ಅದರ ಪಾಡಿಗೆ ಬಿಡುತ್ತಾರೆ ಎಂಬಲ್ಲಿ ಎಣ್ಣೆಯ ಕೈ ಜೋರಾಗಿರುತ್ತದೆ. ಇನ್ನೊಂದು ಮಾತು. ‘ಹೊರಗಿನವರು’ ಅಂದ ಕೂಡಲೇ ಮಕ್ಕಳು ಅಮೆರಿಕ ಅನ್ನುತ್ತಾರೆ. ನಾನು ಕಿಟಕಿಯ ಕಡೆ ಕೈ ತೋರಿಸುತ್ತೇನೆ. ನಮ್ಮದು ಸುರತ್ಕಲ್ ಕಡೆ. ಸಂಜೆಯಾದರೆ ಎಂಆರ್‌ಪಿಎಲ್ ರಿಫೈನರಿಯ ಚಿಮಣಿಯ ಬೆಂಕಿ ದೂರದಿಂದಲೇ ಕಾಣುತ್ತದೆ.

ಅದಕ್ಕೂ ಆಫ್ರಿಕಾದ ಯುದ್ಧಕ್ಕೂ ಏನು ಸಂಬಂಧ? ಅದಕ್ಕೆ ಸುಡಾನಿನ ಕತೆಯನ್ನೇ ಹೇಳಬೇಕು.

ಸುಡಾನಿನ ಉತ್ತರಕ್ಕೂ ದಕ್ಷಿಣಕ್ಕೂ ಮೊದಲ ಯುದ್ಧ ಶುರುವಾದದ್ದು 1955ರಲ್ಲಿ, ಟೋರಿಟ್ ಎಂಬ ಊರಿನ ಸೈನಿಕರ ದಂಗೆಯಿಂದ. ಅದು 17 ವರ್ಷ ನಡೆಯಿತು. ಆಗ ಅಲ್ಲಿ ಒಂದು ಹನಿ ಎಣ್ಣೆಯೂ ಸಿಕ್ಕಿರಲಿಲ್ಲ. ರಾಜಧಾನಿ ಖಾರ್ಟೂಮಿನ ಆಳ್ವಿಕೆಯಲ್ಲಿ ತಮಗೆ ಜಾಗವಿಲ್ಲ ಎಂದು ದಕ್ಷಿಣದವರು ಎದ್ದಿದ್ದರು, ಅಷ್ಟೇ. ಹಾಗಾಗಿ ಜಗಳದ ಮೂಲವೇ ಎಣ್ಣೆ ಅಂದರೆ ತಪ್ಪಾಗುತ್ತದೆ. ಅಲ್ಲಿನ ಜನರ ನೋವನ್ನು ಚಿಕ್ಕದು ಮಾಡಿದ ಹಾಗೂ ಆಗುತ್ತದೆ.

1972ರಲ್ಲಿ ಆಡಿಸ್ ಅಬಾಬದಲ್ಲಿ ಒಪ್ಪಂದವಾಗಿ ದಕ್ಷಿಣಕ್ಕೆ ಸ್ವಲ್ಪ ಸ್ವಾಯತ್ತತೆ ಸಿಕ್ಕಿತು. ಆರು ವರ್ಷ ಕಳೆದ ಮೇಲೆ, 1978ರಲ್ಲಿ, ಅಮೆರಿಕದ ಶೆವ್ರಾನ್ ಕಂಪನಿಗೆ ಬೆಂಟಿಯು ಹತ್ತಿರ ಎಣ್ಣೆ ಸಿಕ್ಕಿತು. ಬೆಂಟಿಯು ಇರುವುದು ದಕ್ಷಿಣದಲ್ಲಿ. ಅಧ್ಯಕ್ಷ ನಿಮೇರಿ ಸರ್ಕಾರ 1980ರಲ್ಲಿ ಗಡಿಯನ್ನೇ ಬೇರೆ ಕಡೆ ಎಳೆದು ಆ ಜಾಗವನ್ನು ಉತ್ತರಕ್ಕೆ ಸೇರಿಸಲು ಹೊರಟಿತು. ದಕ್ಷಿಣದವರು ಗಲಾಟೆ ಮಾಡಿ ಅದನ್ನು ನಿಲ್ಲಿಸಿದರು. ರಿಫೈನರಿ ನಮ್ಮಲ್ಲೇ ಆಗಲಿ ಎಂದು ಕೇಳಿದರು. ಇಲ್ಲ, ಉತ್ತರದ ಕೋಸ್ತಿಯಲ್ಲಿ ಎಂದಿತು ಸರ್ಕಾರ. ಆಮೇಲೆ ಅದೂ ಬೇಡ, ಪೈಪು ಹಾಕಿ ನೇರ ಸಮುದ್ರಕ್ಕೆ ಸಾಗಿಸೋಣ ಎಂದಿತು. 1983ರಲ್ಲಿ ದಕ್ಷಿಣದ ಸ್ವಾಯತ್ತತೆ ಕಿತ್ತುಕೊಂಡು ಷರಿಯಾ ಕಾನೂನನ್ನೂ ತಂದಿತು. ಎರಡನೇ ಯುದ್ಧ ಹತ್ತಿಕೊಂಡಿತು. 1984ರ ಫೆಬ್ರವರಿಯಲ್ಲಿ ಬಂಡುಕೋರರು ಶೆವ್ರಾನ್ ಶಿಬಿರದ ಮೇಲೆ ದಾಳಿ ಮಾಡಿ ಮೂವರು ವಿದೇಶಿ ಕೆಲಸಗಾರರನ್ನು ಕೊಂದರು. ಕಂಪನಿ ಕೆಲಸ ನಿಲ್ಲಿಸಿತು. 1992ರಲ್ಲಿ ತನ್ನ ಪಾಲು ಮಾರಿ ಹೋಯಿತು.

ಬಂಡುಕೋರರು ಎಣ್ಣೆ ಬಾವಿಗೇ ಯಾಕೆ ಕೈ ಹಾಕಿದರು ಎಂದು ಯೋಚಿಸಿ. ಆ ಎಣ್ಣೆ ಹರಿದರೆ ಖಾರ್ಟೂಮಿಗೆ ದುಡ್ಡು ಬರುತ್ತದೆ. ದುಡ್ಡು ಬಂದರೆ ಹೆಲಿಕಾಪ್ಟರ್ ಬರುತ್ತದೆ. ಅವರ ಲೆಕ್ಕ ಸರಿಯಾಗಿತ್ತು ಎಂದು ಮುಂದೆ ಗೊತ್ತಾಯಿತು.

ಶೆವ್ರಾನ್ ಬಿಟ್ಟ ಜಾಗಕ್ಕೆ ಬೇರೆಯವರು ಬಂದರು. 1990ರ ದಶಕದ ಕೊನೆಗೆ ‘ಗ್ರೇಟರ್ ನೈಲ್’ ಎಂಬ ಕಂಪನಿಗಳ ಕೂಟದಲ್ಲಿ ಚೀನಾದ ಸಿಎನ್‌ಪಿಸಿಗೆ ನೂರರಲ್ಲಿ 40 ಪಾಲು, ಮಲೇಷ್ಯಾದ ಪೆಟ್ರೋನಾಸ್‌ಗೆ 30, ಕೆನಡಾದ ಟ್ಯಾಲಿಸ್ಮನ್‌ಗೆ 25, ಸುಡಾನ್ ಸರ್ಕಾರದ ಸುಡಾಪೆಟ್‌ಗೆ 5. ಇಷ್ಟೂ ಜನ ಸೇರಿ ಹೆಗ್ಲಿಗ್ ತೈಲ ಕ್ಷೇತ್ರದಿಂದ ಕೆಂಪು ಸಮುದ್ರದ ದಂಡೆಯ ಪೋರ್ಟ್ ಸುಡಾನ್‌ವರೆಗೆ ಸುಮಾರು 1,600 ಕಿಲೋಮೀಟರ್ ಪೈಪ್‌ಲೈನ್ ಹಾಕಿದರು. 1999ರ ಆಗಸ್ಟ್ ಕೊನೆಗೆ ಮೊದಲ ಹಡಗು ತುಂಬಿ ಹೊರಟಿತು. ಕೆಲವೇ ವಾರಗಳಲ್ಲಿ ಬಂಡುಕೋರರು ಆ ಪೈಪಿಗೆ ಬಾಂಬ್ ಇಟ್ಟರು.

ಇಲ್ಲಿ ಒಂದು ವಿಷಯ ನಿಧಾನವಾಗಿ ನೋಡಬೇಕು. ‘ವಿದೇಶಿ ಹಸ್ತಕ್ಷೇಪ’ ಅಂದರೆ ನಮ್ಮ ಕಣ್ಣ ಮುಂದೆ ಬರುವುದು ಪ್ಯಾರಾಚೂಟಿನಲ್ಲಿ ಇಳಿಯುವ ಸೈನಿಕ. ಸುಡಾನಿನಲ್ಲಿ ಹಾಗೆ ಆಗಲಿಲ್ಲ. ಕಂಪನಿ ತನ್ನ ಕೆಲಸಕ್ಕೆಂದು ರಸ್ತೆ ಮಾಡಿತು. ಹೆಗ್ಲಿಗ್‌ನಲ್ಲಿ ವಿಮಾನ ಇಳಿಯಲು ರನ್‌ವೇ ಮಾಡಿತು. ಕೆನಡಾ ಸರ್ಕಾರವೇ ಕಳಿಸಿದ್ದ ಜಾನ್ ಹಾರ್ಕರ್ ನೇತೃತ್ವದ ತಂಡ 2000ದ ಜನವರಿಯಲ್ಲಿ ವರದಿ ಕೊಟ್ಟಿತು. ಅದೇ ರನ್‌ವೇಯಿಂದ ಸುಡಾನ್ ಸೇನೆಯ ದಾಳಿ ಹೆಲಿಕಾಪ್ಟರ್‌ಗಳೂ ಬಾಂಬ್ ಹಾಕುವ ಆಂಟೊನೊವ್ ವಿಮಾನಗಳೂ ಹಾರಿದ್ದವು ಎಂದಿತು. ಎಣ್ಣೆ ಯುದ್ಧವನ್ನು ಇನ್ನೂ ಕೆಡಿಸುತ್ತಿದೆ ಎಂದೂ ಹೇಳಿತು. ಬಾವಿಗಳ ಸುತ್ತ ಇದ್ದ ನುಯೆರ್, ಡಿಂಕಾ ಜನರ ಹಳ್ಳಿಗಳು ಖಾಲಿಯಾದವು. ದನ ಸಾಕಿ ಬದುಕುವ ಜನ ಅವರು. ದನ ಹೋದರೆ ಅವರ ಬದುಕೇ ಹೋದಂತೆ.

ಕೆನಡಾದಲ್ಲಿ ಚರ್ಚುಗಳು, ಪಿಂಚಣಿ ನಿಧಿಗಳು ಟ್ಯಾಲಿಸ್ಮನ್ ಬೆನ್ನು ಬಿದ್ದವು. ಕೊನೆಗೆ ಕಂಪನಿ ತನ್ನ 25 ಪಾಲನ್ನು ಮಾರಿತು. ಕೊಂಡವರು ಯಾರು? ನಮ್ಮ ಒಎನ್‌ಜಿಸಿ ವಿದೇಶ್. 2003ರ ಮಾರ್ಚ್‌ನಲ್ಲಿ, 70 ಕೋಟಿ ಡಾಲರ್‌ಗೂ ಜಾಸ್ತಿ ಕೊಟ್ಟು. ಅದೇ ತಿಂಗಳು ಎಂಆರ್‌ಪಿಎಲ್ ಕೂಡ ಒಎನ್‌ಜಿಸಿ ಕೈಗೆ ಬಂತು. ಮೇ ತಿಂಗಳಲ್ಲಿ ಸುಡಾನಿನ ಮೊದಲ ಹಡಗು ‘ನೈಲ್ ಬ್ಲೆಂಡ್’ ಕಚ್ಚಾ ತೈಲ ಹೊತ್ತು ಮಂಗಳೂರಿಗೆ ಬಂತು.

ಆಗ ನಾನು ಬಿ.ಎ. ಓದುತ್ತಿದ್ದೆ. ಹೊರದೇಶದ ಬಾವಿಯಲ್ಲಿ ನಮ್ಮದೇ ಪಾಲಿನ ಎಣ್ಣೆ, ಅದು ನಮ್ಮ ಬಂದರಿಗೆ ಬಂದಿದೆ ಎಂದು ತುಂಬ ಹೆಮ್ಮೆಪಟ್ಟಿದ್ದೆ. ಆ ಹೆಮ್ಮೆಯನ್ನು ನಾನು ಈಗಲೂ ಅಲ್ಲಗಳೆಯುವುದಿಲ್ಲ. ಬೇಕಾದ ಎಣ್ಣೆಯಲ್ಲಿ ಹೆಚ್ಚಿನ ಪಾಲನ್ನು ಹೊರಗಿನಿಂದ ತರಬೇಕಾದ ದೇಶ ನಮ್ಮದು. ಆದರೆ ಆ ಏಪ್ರಿಲ್‌ನಲ್ಲಿ ಸುಡಾನಿನ ಪಶ್ಚಿಮದ ಡಾರ್ಫುರ್‌ನ ಎಲ್ ಫಾಶೆರ್ ಎಂಬ ಊರಿನ ವಿಮಾನ ನಿಲ್ದಾಣದ ಮೇಲೆ ಬಂಡುಕೋರರ ದಾಳಿಯಾಗಿತ್ತು. ಅದಕ್ಕೆ ಉತ್ತರವಾಗಿ ಖಾರ್ಟೂಮ್ ಸರ್ಕಾರ ಜಂಜವೀದ್ ಎಂಬ ಸಶಸ್ತ್ರ ಗುಂಪುಗಳನ್ನು ಹಳ್ಳಿಗಳ ಮೇಲೆ ಬಿಡುತ್ತಿತ್ತು. ಹಡಗು ನಮ್ಮ ಪಣಂಬೂರು ಬಂದರಿಗೆ ಬರುವಾಗ ಡಾರ್ಫುರ್‌ನಲ್ಲಿ ಏನಾಗುತ್ತಿತ್ತು ಎಂದು ನಾನು ಓದಿದ್ದು ಎಷ್ಟೋ ವರ್ಷಗಳ ಮೇಲೆ. ನಾವು ಕೊಟ್ಟ ಯಾವ ರೂಪಾಯಿ ಯಾವ ಗುಂಡಾಯಿತು ಎಂದು ಯಾರೂ ತೋರಿಸಲಾರರು. ಆದರೆ ಆ ಸರ್ಕಾರದ ದೊಡ್ಡ ಆದಾಯ ಎಣ್ಣೆಯೇ ಆಗಿತ್ತು. ಕೊಂಡವರಲ್ಲಿ ನಾವೂ ಇದ್ದೆವು.

ಎಣ್ಣೆ ಬೇಕಾದವನು ಯಾರ ಪಕ್ಷ ವಹಿಸುತ್ತಾನೆ ಎಂಬುದನ್ನು ಇಲ್ಲಿ ಚೆನ್ನಾಗಿ ನೋಡಬಹುದು. 2004ರ ಸೆಪ್ಟೆಂಬರ್‌ನಲ್ಲಿ ಡಾರ್ಫುರ್ ಹಿಂಸೆ ನಿಲ್ಲದಿದ್ದರೆ ಸುಡಾನಿನ ತೈಲದ ಮೇಲೂ ನಿರ್ಬಂಧ ಯೋಚಿಸುತ್ತೇವೆ ಎಂಬ ನಿರ್ಣಯ ವಿಶ್ವಸಂಸ್ಥೆಯ ಭದ್ರತಾ ಮಂಡಳಿಗೆ ಬಂತು. ಪಾಸಾಯಿತು. ಆದರೆ ಚೀನಾ, ರಷ್ಯಾ, ಪಾಕಿಸ್ತಾನ, ಅಲ್ಜೀರಿಯಾ ಮತ ಹಾಕದೆ ಕೂತವು. ವಿಟೊ ಇರುವ ಚೀನಾ ಮನಸ್ಸಿಲ್ಲದೆ ಕೂತರೆ ಆ ಬೆದರಿಕೆಗೆ ಬಲ ಎಲ್ಲಿಂದ ಬರಬೇಕು?

ಈಗ ಮುಂದಿನದು ನೋಡಿ. 2005ರಲ್ಲಿ ಉತ್ತರಕ್ಕೂ ದಕ್ಷಿಣಕ್ಕೂ ಶಾಂತಿ ಒಪ್ಪಂದವಾಯಿತು. ದಕ್ಷಿಣದ ಎಣ್ಣೆ ದುಡ್ಡು ಹೆಚ್ಚುಕಡಿಮೆ ಅರ್ಧರ್ಧ ಎಂದಾಯಿತು. 2011ರ ಜನಮತದಲ್ಲಿ ಸುಮಾರು 99 ಶೇಕಡಾ ಜನ ಬೇರೆ ದೇಶ ಬೇಕು ಎಂದರು. ಆ ಜುಲೈ 9ಕ್ಕೆ ದಕ್ಷಿಣ ಸುಡಾನ್ ಹುಟ್ಟಿತು. ಎಣ್ಣೆಯ ಮುಕ್ಕಾಲು ಪಾಲು ಅದರ ಜತೆ ಹೋಯಿತು. ಖಾರ್ಟೂಮಿನ ಆಪ್ತನಾಗಿದ್ದ ಚೀನಾ 2008ರಲ್ಲೇ ದಕ್ಷಿಣದ ರಾಜಧಾನಿ ಜುಬಾದಲ್ಲಿ ಕಾನ್ಸುಲೇಟ್ ತೆರೆದಿತ್ತು. ಭಾರತ ಅದಕ್ಕಿಂತ ಒಂದು ವರ್ಷ ಮುಂಚೆಯೇ ತೆರೆದಿತ್ತು. ಎಣ್ಣೆ ಬೇಕಾದವನಿಗೆ ಖಾಯಂ ಮಿತ್ರ ಅಂತ ಇರುವುದಿಲ್ಲ. ಬಾವಿ ಯಾರ ಕೈಗೆ ಹೋಗುತ್ತದೋ ಅವರ ಬಾಗಿಲು ತಟ್ಟುತ್ತಾನೆ.

2013ರ ಡಿಸೆಂಬರ್‌ನಲ್ಲಿ ದಕ್ಷಿಣ ಸುಡಾನಿನ ಒಳಗೇ ಅಧ್ಯಕ್ಷ ಸಾಲ್ವಾ ಕೀರ್ ಮತ್ತು ಹಿಂದಿನ ಉಪಾಧ್ಯಕ್ಷ ರಿಯೆಕ್ ಮಾಚಾರ್ ಪಡೆಗಳ ನಡುವೆ ಯುದ್ಧ ಶುರುವಾಯಿತು. ಬೆಂಟಿಯು ಮತ್ತೆ ಮತ್ತೆ ಕೈ ಬದಲಾಯಿಸಿತು. ಆ ಊರಿನ ವಿಶ್ವಸಂಸ್ಥೆ ಶಿಬಿರದಲ್ಲಿ ಒಂದು ಲಕ್ಷಕ್ಕೂ ಜಾಸ್ತಿ ಜನ ಪ್ಲಾಸ್ಟಿಕ್ ಹಾಳೆಯ ಕೆಳಗೆ ಬದುಕಿದರು. 2014ರ ಮೇ ತಿಂಗಳಲ್ಲಿ ಭದ್ರತಾ ಮಂಡಳಿ ಶಾಂತಿಪಾಲನಾ ಪಡೆಗೆ ಹೊಸ ಆದೇಶ ಕೊಟ್ಟಿತು. ನಾಗರಿಕರನ್ನು ಕಾಯಬೇಕಾದ ಅಪಾಯದ ಜಾಗಗಳ ಪಟ್ಟಿಯಲ್ಲಿ ಶಾಲೆ, ಆಸ್ಪತ್ರೆ, ಪ್ರಾರ್ಥನಾ ಮಂದಿರಗಳ ಜತೆ ತೈಲ ಸ್ಥಾವರಗಳ ಹೆಸರೂ ಸೇರಿತು. ಆಮೇಲೆ ಚೀನಾ ತನ್ನ 700 ಕಾಲಾಳುಗಳ ಪಡೆಯನ್ನು ಅಲ್ಲಿಗೆ ಕಳಿಸಿತು. ಬೇರೆ ದೇಶದ ಒಳಜಗಳದಲ್ಲಿ ಮೂಗು ತೂರಿಸುವುದಿಲ್ಲ ಎಂದು ಸದಾ ಹೇಳುವ ದೇಶ ಅದು. ಅದರ ಇಬ್ಬರು ಸೈನಿಕರು 2016ರಲ್ಲಿ ಜುಬಾದಲ್ಲಿ ಸತ್ತರು. ನಮ್ಮ ಸೈನಿಕರೂ ಆ ದೇಶದಲ್ಲಿ ಪ್ರಾಣ ಕೊಟ್ಟಿದ್ದಾರೆ. 2013ರ ಏಪ್ರಿಲ್‌ನ ಒಂದೇ ದಾಳಿಯಲ್ಲಿ ಐವರು. ಯಾರ ಸಾವನ್ನೂ ನಾನು ಎಣ್ಣೆಯ ಲೆಕ್ಕಕ್ಕೆ ಬರೆಯಲಾರೆ. ಅವರು ನಿಂತಿದ್ದು ಜನರನ್ನು ಕಾಯಲು.

ಎಣ್ಣೆ ಇದ್ದಲ್ಲಿ ದೊಡ್ಡ ದೇಶಗಳು ಬಾವುಟ ನೋಡಿ ಪಕ್ಷ ಕಟ್ಟುತ್ತವೆ ಎಂದುಕೊಂಡವರಿಗೆ ಅಂಗೋಲಾ ಹೇಳುತ್ತೇನೆ. 1980ರ ದಶಕದಲ್ಲಿ ಅಲ್ಲಿನ ಸರ್ಕಾರ ಸೋವಿಯತ್ ಕಡೆ, ಯುನಿಟಾ ಬಂಡುಕೋರರು ಅಮೆರಿಕದ ಕಡೆ. ಕಬಿಂಡಾದಲ್ಲಿ ಎಣ್ಣೆ ತೆಗೆಯುತ್ತಿದ್ದದ್ದು ಅಮೆರಿಕದ ಗಲ್ಫ್, ಆಮೇಲೆ ಶೆವ್ರಾನ್. ಆ ಅಮೆರಿಕನ್ ಸ್ಥಾವರವನ್ನು ಕಾಯುತ್ತಿದ್ದವರು ಕ್ಯೂಬಾದ ಕಮ್ಯುನಿಸ್ಟ್ ಸೈನಿಕರು! ಅದನ್ನು ಸ್ಫೋಟಿಸಲು 1985ರಲ್ಲಿ ಬಂದು ಸಿಕ್ಕಿಬಿದ್ದವರು ದಕ್ಷಿಣ ಆಫ್ರಿಕಾದ ಕಮಾಂಡೋಗಳು. ಕಂಪನಿ ಕೊಟ್ಟ ರಾಯಧನದಲ್ಲಿ ಅಂಗೋಲಾ ಸರ್ಕಾರ ಯುದ್ಧ ಮಾಡಿತು. ಯುನಿಟಾಗೆ ಕ್ಷಿಪಣಿ ಕೊಟ್ಟದ್ದು ಕಂಪನಿಯ ತಾಯ್ನಾಡು. ತರಗತಿಯಲ್ಲಿ ಇದನ್ನು ಹೇಳಿದಾಗ ಎಲ್ಲರೂ ಒಂದು ಕ್ಷಣ ಸುಮ್ಮನಾಗುತ್ತಾರೆ.

ಗ್ಯಾಸಿನ ಕತೆ ಬೇಕೆಂದರೆ ಮೊಜಾಂಬಿಕ್. ಉತ್ತರದ ಕಾಬೊ ಡೆಲ್ಗಾಡೊದಲ್ಲಿ 2017ರಿಂದ ದಂಗೆ. 2020ರ ಆಗಸ್ಟ್‌ನಲ್ಲಿ ಮೊಸಿಂಬೊವಾ ಡ ಪ್ರಾಯಾ ಎಂಬ ಬಂದರು ಊರೇ ಬಂಡುಕೋರರ ವಶವಾಯಿತು. ಕೂಲಿ ಸೈನಿಕರ ಕಂಪನಿಗಳು ಬಂದು ಹೋದವು. ನೆರೆಹೊರೆಯ ಸೇನೆಗಳು ಆಗ ಬರಲಿಲ್ಲ. 2021ರ ಮಾರ್ಚ್‌ನಲ್ಲಿ ಟೋಟಲ್ ಕಂಪನಿಯ ಗ್ಯಾಸ್ ಯೋಜನೆಯ ಪಕ್ಕದ ಪಾಲ್ಮಾ ಊರಿನ ಮೇಲೆ ದಾಳಿಯಾಯಿತು. ಜುಲೈಗೆ ರುವಾಂಡಾದ ಸುಮಾರು ಸಾವಿರ ಜನರ ಪಡೆ ಇಳಿಯಿತು. ಆ ಯೋಜನೆಯಲ್ಲಿ ಭಾರತದ ಸರ್ಕಾರಿ ಕಂಪನಿಗಳ ಪಾಲು ಒಟ್ಟು 30 ಶೇಕಡಾ. ಇದೇ ರುವಾಂಡಾದಲ್ಲಿ 1994ರ ಏಪ್ರಿಲ್‌ನಲ್ಲಿ ನರಮೇಧ ನಡೆಯುವಾಗ ವಿಶ್ವಸಂಸ್ಥೆ ತನ್ನ ಪಡೆಯನ್ನು 270 ಜನಕ್ಕೆ ಇಳಿಸಲು ನಿರ್ಣಯ ಮಾಡಿತ್ತು. ಅಲ್ಲಿ ತೈಲವೂ ಇರಲಿಲ್ಲ, ದೊಡ್ಡ ಗ್ಯಾಸ್ ಯೋಜನೆಯೂ ಇರಲಿಲ್ಲ. ಅದೊಂದೇ ಕಾರಣ ಎಂದು ಹೇಳಲಾರೆ. ಆದರೆ ಹೊರಗಿನವರಿಗೆ ಅಲ್ಲಿ ಕಳೆದುಕೊಳ್ಳುವಂಥದ್ದು ಕಡಿಮೆ ಇತ್ತು ಎಂಬುದಂತೂ ನಿಜ.

ಇಷ್ಟಾದ ಮೇಲೆ ಒಂದು ಹುಡುಗಿ ಕೇಳಿದಳು: “ಹಾಗಾದ್ರೆ ನಾವು ಎಣ್ಣೆ ತಗೊಳ್ಳೋದೇ ಬೇಡ್ವಾ ಸರ್?” ತಗೊಳ್ಳಬೇಕು, ಬಸ್ಸು ಓಡಬೇಕಲ್ಲ. ಆದರೆ ಕೇಳುವುದನ್ನು ಬಿಡಬಾರದು ಎಂದೆ. ನಮ್ಮ ಕಂಪನಿ ಮಾಡಿದ ರನ್‌ವೇಯಲ್ಲಿ ಯಾರು ಇಳಿಯುತ್ತಾರೆ? ಬಾವಿ ತೋಡುವ ಮೊದಲು ಆ ನೆಲದಲ್ಲಿ ಯಾರಿದ್ದರು? ಕೆನಡಾದವರು ಕೇಳಿದರು. ಸ್ವೀಡನ್ನಿನವರು ಇನ್ನೂ ಕೇಳುತ್ತಿದ್ದಾರೆ. ಬೆಂಟಿಯು ಸುತ್ತಲಿನ 5ಎ ಎಂಬ ತೈಲ ಬ್ಲಾಕಿನಲ್ಲಿ 1999ರಿಂದ 2003ರವರೆಗೆ ನಡೆದ ಯುದ್ಧಾಪರಾಧಗಳಿಗೆ ಸಹಕರಿಸಿದರು ಎಂಬ ಆರೋಪದ ಮೇಲೆ ಸ್ವೀಡನ್ನಿನ ಲುಂಡಿನ್ ತೈಲ ಕಂಪನಿಯ ಇಬ್ಬರು ಮುಖ್ಯಸ್ಥರ ವಿಚಾರಣೆ 2023ರ ಸೆಪ್ಟೆಂಬರ್‌ನಲ್ಲಿ ಸ್ಟಾಕ್‌ಹೋಮ್‌ನಲ್ಲಿ ಶುರುವಾಯಿತು. ಇಬ್ಬರೂ ಆರೋಪ ಒಪ್ಪಿಲ್ಲ. ಅದೇ 5ಎ ಬ್ಲಾಕಿನಲ್ಲಿ ಮುಂದೆ ನಮ್ಮ ಒಎನ್‌ಜಿಸಿ ವಿದೇಶ್‌ಗೂ ಪಾಲು ಬಂತು. ನಮ್ಮಲ್ಲಿ ಈ ಬಗ್ಗೆ ದೊಡ್ಡ ಚರ್ಚೆ ನಡೆದದ್ದು ನನಗೆ ನೆನಪಿಲ್ಲ. ಅದು ನನಗೆ ನೋವಿನ ವಿಷಯ.

2023ರ ಏಪ್ರಿಲ್‌ನಲ್ಲಿ ಸುಡಾನಿನಲ್ಲಿ ಮತ್ತೆ ಯುದ್ಧ ಶುರುವಾಯಿತು. ಈ ಸಲ ಸೇನೆಗೂ ಆರ್‌ಎಸ್‌ಎಫ್ ಎಂಬ ಅರೆಸೇನಾ ಪಡೆಗೂ. ಈಗಿನ ಯುದ್ಧದಲ್ಲಿ ಎಣ್ಣೆಗಿಂತ ಚಿನ್ನದ ಮಾತು ಜಾಸ್ತಿ. ಆದರೂ ಪೈಪ್‌ಲೈನ್ ಮಧ್ಯೆ ಬಂದೇ ಬರುತ್ತದೆ. ದಕ್ಷಿಣದ ಎಣ್ಣೆಯಲ್ಲಿ ಮೇಣದಂಶ ಹೆಚ್ಚು. ಘಟ್ಟದ ಮೇಲೆ ಚಳಿಗಾಲದಲ್ಲಿ ತೆಂಗಿನೆಣ್ಣೆ ಬಾಟಲಿಯಲ್ಲೇ ಗಟ್ಟಿಯಾಗುತ್ತದಲ್ಲ, ಹಾಗೆ. ದಾರಿಯುದ್ದಕ್ಕೂ ಬಿಸಿ ಮಾಡುತ್ತಾ ಸಾಗಿಸಬೇಕು. ಯುದ್ಧದಲ್ಲಿ ಪಂಪಿಂಗ್ ಸ್ಟೇಷನ್ನಿಗೆ ಡೀಸೆಲ್ ಸಿಗಲಿಲ್ಲ. 2024ರ ಫೆಬ್ರವರಿಯಲ್ಲಿ ಎಣ್ಣೆ ಗಟ್ಟಿಯಾಗಿ ಒಂದು ದೊಡ್ಡ ಪೈಪ್‌ಲೈನ್ ಒಡೆಯಿತು. ಅದರ ದುಡ್ಡನ್ನೇ ನಂಬಿದ್ದ ದಕ್ಷಿಣ ಸುಡಾನಿನಲ್ಲಿ ಸರ್ಕಾರಿ ನೌಕರರಿಗೆ ಸಂಬಳ ಇಲ್ಲದಾಯಿತು.

ಡಾರ್ಫುರ್‌ನ ಅದೇ ಎಲ್ ಫಾಶೆರ್ ಊರನ್ನು ಆರ್‌ಎಸ್‌ಎಫ್ ಒಂದೂವರೆ ವರ್ಷ ಮುತ್ತಿಗೆ ಹಾಕಿತು. ಮುತ್ತಿಗೆ ನಿಲ್ಲಿಸಿ ಎಂದು 2024ರ ಜೂನ್‌ನಲ್ಲಿ ಭದ್ರತಾ ಮಂಡಳಿ ನಿರ್ಣಯ ಮಾಡಿತು. ನಿಲ್ಲಲಿಲ್ಲ. ಜನ ದನಕ್ಕೆ ಹಾಕುವ ಹಿಂಡಿ ತಿಂದು ದಿನ ದೂಡಿದರು. 2025ರ ಅಕ್ಟೋಬರ್ ಕೊನೆಗೆ ಊರು ಬಿತ್ತು, ಹತ್ಯೆಗಳು ನಡೆದವು. ಆ ಡಿಸೆಂಬರ್‌ನಲ್ಲಿ ಆರ್‌ಎಸ್‌ಎಫ್ ಹೆಗ್ಲಿಗ್ ತೈಲ ಕ್ಷೇತ್ರವನ್ನೂ ಹಿಡಿಯಿತು. ಅಲ್ಲಿ ಮಾತ್ರ ಕೆಲವೇ ದಿನಗಳಲ್ಲಿ ಸುಡಾನ್ ಸೇನೆ, ಆರ್‌ಎಸ್‌ಎಫ್, ದಕ್ಷಿಣ ಸುಡಾನ್ ಮೂವರೂ ಒಂದು ಮಾತಿಗೆ ಬಂದರು. ದಕ್ಷಿಣ ಸುಡಾನಿನ ಸೈನಿಕರು ಹೋಗಿ ಸ್ಥಾವರದ ಕಾವಲಿಗೆ ನಿಂತರು.

2023ರಲ್ಲಿ ಯುದ್ಧ ಶುರುವಾದಾಗ ನಮ್ಮ ಕರ್ನಾಟಕದ ಮೂವತ್ತಕ್ಕೂ ಹೆಚ್ಚು ಹಕ್ಕಿಪಿಕ್ಕಿ ಜನ ಗಿಡಮೂಲಿಕೆ ಮಾರಲು ಹೋಗಿ ಸಿಕ್ಕಿಹಾಕಿಕೊಂಡಿದ್ದರಲ್ಲ, ಅದು ಎಲ್ ಫಾಶೆರ್‌ನಲ್ಲೇ. ಅವರನ್ನು ನಾವು ಹೊರಗೆ ತಂದೆವು. ಊರಿನವರು ಅಲ್ಲೇ ಉಳಿದರು.