ಬರೆದವರಿಗೆ ಎಷ್ಟು ಬಂತು?

ಮಾರ್ಚ್ ಬಂತೆಂದರೆ ಕಲಬುರಗಿಯಲ್ಲಿ ಬಿಸಿಲಿನ ಜೊತೆಗೆ ಮಹಿಳಾ ದಿನಾಚರಣೆಯ ಆಹ್ವಾನಗಳೂ ಏರುತ್ತವೆ. ಸುದ್ದಿಮನೆಯಲ್ಲಿ ಕೆಲಸ ಮಾಡುವ ಹೆಂಗಸರು ನಮ್ಮ ಊರಲ್ಲಿ ಬೆರಳೆಣಿಕೆಯಷ್ಟು. ಹಾಗಾಗಿ ಆ ವಾರ ನಮಗೆ ಭಾರಿ ಬೇಡಿಕೆ. ಶಾಲು, ಹಾರ, ಬುಟ್ಟಿ ತುಂಬ ಹಣ್ಣು ಎಲ್ಲವೂ ಸಿಗುತ್ತವೆ. ಆಟೋ ಬಾಡಿಗೆ ಮಾತ್ರ ನಮ್ಮದೇ.

ಕಳೆದ ಸಲ ಕಾಲೇಜೊಂದರ ಪತ್ರಿಕೋದ್ಯಮ ವಿಭಾಗದವರು ಅಮೆರಿಕದಲ್ಲಿ ಸುದ್ದಿತಾಣ ಕಟ್ಟಿ ಹೆಸರಾದ ಅರಿಯಾನಾ ಹಫಿಂಗ್ಟನ್ ಬಗ್ಗೆ ಮಾತನಾಡಿ ಎಂದರು. ಒಪ್ಪಿಕೊಂಡೆ. ಈಕೆ 1950ರಲ್ಲಿ ಅಥೆನ್ಸ್‌ನಲ್ಲಿ ಹುಟ್ಟಿದವರು. ತಂದೆ ನಾಜಿಗಳ ಕಾಲದಲ್ಲಿ ಗುಪ್ತವಾಗಿ ಪತ್ರಿಕೆ ಹೊರಡಿಸಿ ಸೆರೆಶಿಬಿರ ಕಂಡವರು. ಮಗಳು ಇಂಗ್ಲೆಂಡಿಗೆ ಬಂದು ಕೇಂಬ್ರಿಜ್ ಸೇರಿದಾಗ ಆಕೆಯ ಗ್ರೀಕ್ ಧಾಟಿಯ ಇಂಗ್ಲಿಷನ್ನು ಆಡಿಕೊಂಡು ನಕ್ಕವರು ಬಹಳ. ಆದರೂ ಚರ್ಚಾಕೂಟಗಳಿಗೆ ಹೆಸರಾದ ಕೇಂಬ್ರಿಜ್ ಯೂನಿಯನ್‌ಗೆ 1971ರಲ್ಲಿ ಆಕೆಯೇ ಅಧ್ಯಕ್ಷೆ!

ಇಷ್ಟು ಹೇಳುವ ಹೊತ್ತಿಗೆ ಹುಡುಗಿಯರು ಮೊಬೈಲ್ ಕೆಳಗಿಟ್ಟಿದ್ದರು. ಬೆಂಗಳೂರಿನಲ್ಲಿ ಬಾಯಿ ಬಿಟ್ಟೊಡನೆ ‘ನೀವು ಆ ಕಡೆಯವರಾ?’ ಎಂಬ ನಗು ಎದುರಾಗುವುದು ಅವರಿಗೆ ಹೊಸತಲ್ಲ. ನಮ್ಮ ಮಾತು ವಾಹಿನಿಗಳ ಹಾಸ್ಯ ಕಾರ್ಯಕ್ರಮಕ್ಕೆ ಬೇಕು, ಸುದ್ದಿ ಓದುವುದಕ್ಕೆ ಬೇಡ. ಆ ಸಿಟ್ಟು ನನಗೆ ಇನ್ನೂ ಆರಿಲ್ಲ.

ಮುಂದಿನದನ್ನು ಬೇಗ ಬೇಗ ಹೇಳಿದೆ. 1980ರಲ್ಲಿ ನ್ಯೂಯಾರ್ಕ್, 2005ರ ಮೇ ತಿಂಗಳಲ್ಲಿ ಜೊತೆಗಾರರೊಂದಿಗೆ ‘ಹಫಿಂಗ್ಟನ್ ಪೋಸ್ಟ್’ ಎಂಬ ಸುದ್ದಿತಾಣ, 2011ರಲ್ಲಿ ಅದನ್ನು ಎಒಎಲ್ ಕಂಪನಿ ಕೊಂಡದ್ದು 31.5 ಕೋಟಿ ಡಾಲರಿಗೆ. ಚಪ್ಪಾಳೆ ಬಿತ್ತು. ಚಿತ್ತಾಪುರದ ಕಡೆಯಿಂದ ದಿನಾ ಬಸ್ಸಿನಲ್ಲಿ ಬರುವ ಹುಡುಗಿಯೊಬ್ಬಳು ಮಾತ್ರ ಹಿಂದಿನ ಬೆಂಚಿನಿಂದ ಎದ್ದು ನಿಂತಳು.

“ಮೇಡಂ, ಅದರಲ್ಲಿ ಬರೆದವರಿಗೆ ಎಷ್ಟು ಬಂತು?”

ಸಂಬಳದ ಪತ್ರಕರ್ತರು ಅಲ್ಲಿದ್ದರು. ಅವರಲ್ಲೊಬ್ಬರ ವರದಿಗೆ 2012ರಲ್ಲಿ ಅಮೆರಿಕದ ಪತ್ರಿಕೋದ್ಯಮದ ದೊಡ್ಡ ಪ್ರಶಸ್ತಿ ಪುಲಿಟ್ಜರ್ ಕೂಡ ಬಂತು. ಆದರೆ ಬಿಟ್ಟಿಯಾಗಿ ಬರೆದುಕೊಟ್ಟವರು ಸಾವಿರಾರು ಮಂದಿ. ಮಾರಾಟದ ಸುದ್ದಿ ಬಂದ ಮೇಲೆ ಅವರ ಪರವಾಗಿ 10.5 ಕೋಟಿ ಡಾಲರ್ ಕೇಳಿ ದಾವೆ ಹೂಡಲಾಯಿತು. ಹಣ ಬರುವುದಿಲ್ಲ ಎಂದು ತಿಳಿದೇ ಬರೆದಿರಿ ಎಂದು ನ್ಯಾಯಾಧೀಶರು 2012ರಲ್ಲಿ ಅದನ್ನು ವಜಾ ಮಾಡಿದರು. 2016ರಲ್ಲಿ ಅರಿಯಾನಾ ಹೊರಬಂದರು. ಯಾರು ಬೇಕಾದರೂ ಬಿಟ್ಟಿಯಾಗಿ ಬರೆಯುವ ಆ ಏರ್ಪಾಟನ್ನು ಸಂಸ್ಥೆ ನಿಲ್ಲಿಸಿದ್ದು 2018ರಲ್ಲಿ.

ತೀರ್ಪು ಕಾನೂನಿಗೆ ಸರಿಯೇ ಇದ್ದೀತು. ಪರದೇಶದಿಂದ ಬಂದು ಅಷ್ಟು ದೊಡ್ಡದನ್ನು ಕಟ್ಟಿದ ಛಲಕ್ಕೂ ನಾನು ತಲೆಬಾಗುತ್ತೇನೆ. ಈ ಲೆಕ್ಕಕ್ಕೆ ಮಾತ್ರ ಒಲ್ಲೆ.

ಕಾರ್ಯಕ್ರಮ ಮುಗಿದ ಮೇಲೆ ಆ ಹುಡುಗಿ ಹತ್ತಿರ ಬಂದಳು. ಅವಳೂ ಒಂದು ಸುದ್ದಿತಾಣಕ್ಕೆ ತನ್ನ ಹೋಬಳಿಯ ಸುದ್ದಿ ಕಳುಹಿಸುತ್ತಾಳೆ. ದುಡ್ಡಿನ ಮಾತೆತ್ತಿದರೆ “ಹೆಸರು ಹಾಕುತ್ತೇವಲ್ಲ” ಎನ್ನುತ್ತಾರಂತೆ. “ಅವ್ವ ತೊಗರಿ ಕೊಯ್ಯಲು ಹೋದರೆ ಅಂದಿನ ಕೂಲಿ ಅಂದೇ ಕೈಗೆ ಬರುತ್ತದೆ ಮೇಡಂ” ಎಂದಳು.

ಆಹ್ವಾನ ಪತ್ರಿಕೆಯ ಹಿಂಬದಿಯಲ್ಲೇ ಲೆಕ್ಕಕ್ಕೆ ಕುಳಿತೆವು. ಅರ್ಧ ದಿನದ ಓಡಾಟ, ಫೋಟೊ, ಮೊಬೈಲ್ ಡೇಟಾ. ಶಕ್ತಿ ಯೋಜನೆಯಿಂದ ಬಸ್ಸು ಉಚಿತವಾದ್ದರಿಂದ ಅದನ್ನು ಅವಳು ಬಿಟ್ಟಿದ್ದಳು. ಸೇರಿಸು ಎಂದೆ, ಟಿಕೆಟ್ ಮಾಫಿ ಮಾಡಿದ್ದು ಸರ್ಕಾರ, ಸಂಪಾದಕರಲ್ಲ. ಒಂದು ವರದಿಗೆ 250 ರೂಪಾಯಿ ಎಂದು ಅವಳು ಬರೆದದ್ದನ್ನು ಹೊಡೆದು 400 ಮಾಡಿದೆ.

“ಬೇಡ ಎಂದುಬಿಟ್ಟರೆ?”

“ಅರ್ಧ ದಿನ ನಿನಗೇ ಉಳಿಯಿತಲ್ಲವ್ವಾ.”

ಅವಳು 350 ಕೇಳಿದಳಂತೆ. ಫೋಟೊ ಇರುವ ವರದಿಗೆ 200 ಎಂದು ಒಪ್ಪಿದ್ದಾರೆ. ಮೊದಲ ತಿಂಗಳಿನದು ಬಂದಿದೆ, ಎರಡನೆಯದಕ್ಕೆ ಫೋನ್ ಮಾಡುತ್ತಿದ್ದಾಳೆ.