ಕಿಟಕಿಗೊಂದು ಕೌದಿ

ಸೆಪ್ಟೆಂಬರ್ 24

ಹಗಲು ರಾತ್ರಿ ಸಮವಾಗಿ ಒಂದೆರಡು ದಿನ ಕಳೆಯಿತು. ಸಂಜೆಯಾದರೆ ಗಾಳಿ ಎದ್ದು ಉದುರಿದ ಎಲೆಗಳನ್ನೆಲ್ಲ ಗೋಡೆಯ ಬುಡಕ್ಕೆ ತಂದು ರಾಶಿ ಹಾಕುತ್ತದೆ. ಕಳೆದ ವರ್ಷ ಇದೇ ಹೊತ್ತಿಗೆ ನಾವು ಹೀಟರ್ ಹಚ್ಚಿದ್ದೆವು. ರಾತ್ರಿಯೆಲ್ಲ ಉರಿದರೂ ಕಿಟಕಿ ಪಕ್ಕದ ಕುರ್ಚಿ ಬೆಚ್ಚಗಾಗಲಿಲ್ಲ. ಅದು ಅಮ್ಮನ ಕುರ್ಚಿ. ಬೆಳಕು ಅಲ್ಲೇ ಚೆನ್ನಾಗಿ ಬೀಳುತ್ತದೆ, ಅವಳು ಓದುವುದೂ ಹೊಲಿಯುವುದೂ ಅಲ್ಲೇ. ನವೆಂಬರ್ ಬರುವಷ್ಟರಲ್ಲಿ ಮೊಣಕಾಲು ನೋವೆಂದು ಆ ಜಾಗವನ್ನೇ ಬಿಟ್ಟು ಒಳಗೆ ಮಂಚದ ಮೇಲೆ ಕೂರತೊಡಗಿದಳು. ಈ ಸಲ ಅವಳು ಆ ಕುರ್ಚಿ ಬಿಡಬಾರದು, ಅಷ್ಟಕ್ಕೇ ಕಿಟಕಿಯ ಸಂದು ಮುಚ್ಚಿ, ಗಾಜಿಗೆ ಅಡ್ಡ ಕೌದಿ ತೂಗುಹಾಕುವ ಈ ಕೆಲಸಕ್ಕೆ ಕೈಹಾಕಿದ್ದೇನೆ.

ಮೊದಲು ಅಳತೆ. ಎರಡು ಥರ್ಮಾಮೀಟರ್ ಇವೆ, ಒಂದಕ್ಕೆ ತೇವಾಂಶ ತೋರಿಸುವ ಪರದೆಯೂ ಇದೆ. ರಾತ್ರಿ ಒಂಬತ್ತಕ್ಕೆ ಹೊರಗೆ 7 ಡಿಗ್ರಿ, ಕೋಣೆಯ ನಡುವೆ 19, ಕುರ್ಚಿಯ ಕೂರುವ ಮಟ್ಟದಲ್ಲಿ 16, ಅದರ ಕಾಲ ಬಳಿ ನೆಲದಲ್ಲಿ 14. ಒಂದೇ ಕೋಣೆಯಲ್ಲಿ ಐದು ಡಿಗ್ರಿ ವ್ಯತ್ಯಾಸ!

ಒಂದು ಲೆಕ್ಕ ಹಾಕಿ ನೋಡಿದೆ. ಕಿಟಕಿಯ ಗಾಜು 1.1 ಮೀಟರ್ ಅಗಲ, 1.3 ಮೀಟರ್ ಎತ್ತರ. ಒಂಟಿ ಪದರದ ಗಾಜಿನಲ್ಲಿ, ಒಳಗೂ ಹೊರಗೂ ಇರುವ ಪ್ರತಿ ಡಿಗ್ರಿ ವ್ಯತ್ಯಾಸಕ್ಕೆ ಒಂದು ಚದರ ಮೀಟರಿನಿಂದ ಸುಮಾರು 5.7 ವ್ಯಾಟ್ ಶಾಖ ಹೊರಗೆ ಹೋಗುತ್ತದೆ. ಹನ್ನೆರಡು ಡಿಗ್ರಿ ವ್ಯತ್ಯಾಸಕ್ಕೆ ಹೆಚ್ಚುಕಡಿಮೆ 100 ವ್ಯಾಟ್. ಸುಮ್ಮನೆ ಕೂತ ಒಬ್ಬ ಮನುಷ್ಯನ ಮೈಯಿಂದ ಹೊರಬೀಳುವ ಶಾಖವೂ ಸುಮಾರು ಅಷ್ಟೇ. ಅಮ್ಮ ಅಲ್ಲಿ ಕೂತು ಕೊಡುವ ಬಿಸಿಯನ್ನೆಲ್ಲ ಆ ಕಿಟಕಿಯೊಂದೇ ಹೊರಗೆ ಸಾಗಿಸುತ್ತಿತ್ತು ಅನ್ನಿ.

ಸೆಪ್ಟೆಂಬರ್ 28

ಗಾಳಿ ಎಲ್ಲಿಂದ ನುಗ್ಗುತ್ತಿದೆ ಎಂದು ಹುಡುಕಲು ಊದುಬತ್ತಿಗಿಂತ ಒಳ್ಳೆಯ ಉಪಕರಣ ನನಗೆ ಸಿಕ್ಕಿಲ್ಲ. ಹೊರಗೆ ಗಾಳಿ ಇರುವ ದಿನ ನೋಡಿ, ಫ್ಯಾನ್ ಆರಿಸಿ, ಬಾಗಿಲು ಹಾಕಿ, ಪರದೆ ಸರಿಸಿ, ಹೊಗೆಯುವ ತುದಿಯನ್ನು ಚೌಕಟ್ಟಿನ ಗುಂಟ ಒಂದು ಬೆರಳು ದೂರದಲ್ಲಿ ಮೆಲ್ಲಗೆ ಸಾಗಿಸುತ್ತಾ ಹೋಗಬೇಕು. ಹೊಗೆ ನೇರ ಎದ್ದರೆ ಆ ಜಾಗ ಭದ್ರ. ಮೇಲಿನ ಅಂಚಿನುದ್ದಕ್ಕೂ ನೇರವಾಗಿಯೇ ಇತ್ತು. ಬಲಗಡೆ ಚಿಲಕದ ತೂತಿನ ಹತ್ತಿರ ಬಂದಾಗ ಹೊಗೆಯ ಎಳೆ ಒಮ್ಮೆ ನಡುಗಿತು. ಕೆಳಗಿನ ಎಡ ಮೂಲೆಗೆ ಬಂದ ಕೂಡಲೇ ಎಳೆ ಮುರಿದು, ಅಡ್ಡಕ್ಕೆ ಮಲಗಿ, ನೇರ ಕುರ್ಚಿಯ ಕಡೆಗೆ ಓಡಿತು. ಅಲ್ಲಿ ಮರದ ಚೌಕಟ್ಟಿಗೂ ಗೋಡೆಗೂ ನಡುವೆ ಗಾರೆ ಬಿಟ್ಟು, ನಾಣ್ಯ ತೂರುವಷ್ಟು ಸಂದಾಗಿದೆ. ಇಷ್ಟು ವರ್ಷ ಅದು ಪರದೆಯ ಮರೆಯಲ್ಲೇ ಇತ್ತು.

"ಸಂಜೆಯಾದರೆ ಕಾಲಿಗೆ ಯಾರೋ ತಣ್ಣೀರು ಎರಚಿದ ಹಾಗೆ ಆಗತ್ತೆ ಕಣೇ" ಎಂದು ಅಮ್ಮ ಹೇಳುತ್ತಲೇ ಇದ್ದಳು. ವಯಸ್ಸಿನ ನೋವು ಅಂದುಕೊಂಡು ನಾವು ಕೇಳಿಸಿಕೊಂಡಿರಲಿಲ್ಲ. ಹೊಗೆ ಹರಿದ ದಾರಿ ನೋಡಿದ ಮೇಲೆ ಮನಸ್ಸಿಗೆ ತುಂಬಾ ಕಷ್ಟವಾಯಿತು.

ಅಕ್ಟೋಬರ್ 3

ಸಂದುಗಳನ್ನು ಮುಚ್ಚಿದೆ, ಎರಡೆರಡು ಸಲ.

ಗೋಡೆಯ ಸಂದಿಗೆ ಸಿಲಿಕಾನ್ ತುಂಬಿದ್ದು ಸುಲಭವಾಗಿ ಮುಗಿಯಿತು. ಕಿಟಕಿ ರೆಕ್ಕೆಗಳ ಅಂಚಿಗೆ ಅಂಟಿಸಿದ ಫೋಮ್ ಪಟ್ಟಿ ಮಾತ್ರ ಎರಡೇ ದಿನಕ್ಕೆ ಜೋತುಬಿತ್ತು. ಹಿಂದಿನ ರಾತ್ರಿ ಮಳೆಯಾಗಿತ್ತು, ಮರ ಕಣ್ಣಿಗೆ ಒಣಗಿದಂತೆ ಕಂಡರೂ ಒಳಗೆ ತೇವ ಹಿಡಿದಿತ್ತು. ಪಟ್ಟಿ ಕಿತ್ತು, ಹಳೆಯ ಬಣ್ಣದ ಹೊಪ್ಪಳೆ ಕೆರೆದು, ಸ್ಪಿರಿಟ್‌ನಲ್ಲಿ ಒರೆಸಿ, ಅರ್ಧ ದಿನ ಒಣಗಲು ಬಿಟ್ಟು ಮತ್ತೆ ಅಂಟಿಸಿದೆ. ಮೊದಲು ತಂದಿದ್ದು 9 ಮಿಲಿಮೀಟರ್ ದಪ್ಪದ್ದು, ಚಿಲಕವೇ ಬೀಳುತ್ತಿರಲಿಲ್ಲ. ಈಗ ಹಾಕಿರುವುದು 5 ಮಿಲಿಮೀಟರಿನದು. ಒಂದು ಕಾಗದದ ಚೂರನ್ನು ನಡುವೆ ಇಟ್ಟು ಕಿಟಕಿ ಮುಚ್ಚಿ ಎಳೆದರೆ ಕಾಗದ ಬಿಗಿಯಾಗಿ ನಿಲ್ಲಬೇಕು. ನಾಲ್ಕೂ ಬದಿ ನಿಂತಿತು.

ಅಡುಗೆಮನೆಯ ಗವಾಕ್ಷಿಯನ್ನು ಬೇಕೆಂದೇ ಮುಚ್ಚಿಲ್ಲ, ಮುಚ್ಚುವುದೂ ಇಲ್ಲ. ಗ್ಯಾಸ್, ಸೀಮೆಎಣ್ಣೆ, ಕಟ್ಟಿಗೆ, ಇದ್ದಿಲು, ಏನೇ ಉರಿಯುವ ಮನೆಯಾಗಲಿ, ಗಾಳಿಯ ದಾರಿಯನ್ನು ಪೂರ್ತಿ ಮುಚ್ಚಿದರೆ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ನಿದ್ದೆಯಲ್ಲೇ ಜೀವ ತೆಗೆಯುತ್ತದೆ. ಚಳಿಗೆ ಹೆದರಿ ಇದ್ದಿಲ ಅಗ್ಗಿಷ್ಟಿಕೆಯನ್ನು ಮುಚ್ಚಿದ ಕೋಣೆಗೆ ತರುವವರನ್ನು ಕಂಡರೆ ದಯವಿಟ್ಟು ತಡೆಯಿರಿ.

ಅಕ್ಟೋಬರ್ 12

ಮೊದಲ ದೊಡ್ಡ ಬಿರುಗಾಳಿ. ಬೆಳಿಗ್ಗೆ ಆರಕ್ಕೆ, ವಾತಾವರಣದ ಒತ್ತಡ ಅಳೆಯುವ ಬ್ಯಾರೋಮೀಟರ್ 1009 ಹೆಕ್ಟೋಪಾಸ್ಕಲ್ ತೋರಿಸುತ್ತಿತ್ತು. ಸಮುದ್ರ ಮಟ್ಟದ ಸರಾಸರಿ 1013 ಅಂದರೆ ಅದಕ್ಕಿಂತ ಸ್ವಲ್ಪವೇ ಕಡಿಮೆ. ಮಧ್ಯಾಹ್ನ ಹನ್ನೆರಡಕ್ಕೆ 1002, ಮೂರಕ್ಕೆ 995. ಮೂರೇ ಗಂಟೆಯಲ್ಲಿ ಏಳು! ಬ್ರಿಟನ್ನಿನ ನಾವಿಕರ ಹವಾಮಾನ ವರದಿಯಲ್ಲಿ ಮೂರು ಗಂಟೆಗೆ 6ಕ್ಕಿಂತ ಹೆಚ್ಚು ಇಳಿದರೆ ಅದನ್ನು 'ಅತಿ ವೇಗದ ಇಳಿತ' ಎನ್ನುತ್ತಾರೆ. ನಾನು ಹೊರಗಿದ್ದ ಕುಂಡಗಳನ್ನೂ ಏಣಿಯನ್ನೂ ಒಳಗೆ ತಂದೆ.

ಶರತ್ಕಾಲದಲ್ಲೇ ಇಷ್ಟು ಬಿರುಗಾಳಿ ಯಾಕೆ ಎಂದು ತಮ್ಮ ಕೇಳಿದ. ಬೇಸಿಗೆಯಿಡೀ ಕಾದ ಸಮುದ್ರ ನಿಧಾನಕ್ಕೆ ತಣಿಯುತ್ತದೆ, ಧ್ರುವದ ಕಡೆಯ ನೆಲ ಮಾತ್ರ ಬಿಸಿಲು ಕಡಿಮೆಯಾದ ಕೂಡಲೇ ಬೇಗ ತಣ್ಣಗಾಗುತ್ತದೆ. ಬೆಚ್ಚನೆಯ ಒದ್ದೆ ಗಾಳಿಗೂ ತಣ್ಣನೆಯ ಒಣ ಗಾಳಿಗೂ ಅಂತರ ಹೆಚ್ಚಾದಷ್ಟೂ ಅವು ಸಂಧಿಸುವಲ್ಲಿ ಹುಟ್ಟುವ ಸುಳಿಗೆ ಬಲ ಹೆಚ್ಚು. 1859ರ ಅಕ್ಟೋಬರ್ 25-26ರ ಬಿರುಗಾಳಿ ಇಂಥದ್ದೇ. ಅದರಲ್ಲಿ ವೇಲ್ಸ್‌ನ ಆಂಗ್ಲ್‌ಸೀ ಕರಾವಳಿಯಲ್ಲಿ 'ರಾಯಲ್ ಚಾರ್ಟರ್' ಹಡಗು ಒಡೆದು ನಾನೂರಕ್ಕೂ ಹೆಚ್ಚು ಜನ ಸತ್ತರು. ಹಿಂದೆ ಬೀಗಲ್ ಹಡಗಿನ ಕ್ಯಾಪ್ಟನ್ ಆಗಿದ್ದ ರಾಬರ್ಟ್ ಫಿಟ್ಜ್‌ರಾಯ್ ಆಮೇಲೆ ಪಟ್ಟುಹಿಡಿದು, ಹಲವು ಕಡೆಯ ಬ್ಯಾರೋಮೀಟರ್ ಅಂಕಿಗಳನ್ನು ಟೆಲಿಗ್ರಾಫ್‌ನಲ್ಲಿ ತರಿಸಿಕೊಂಡು, 1861ರಲ್ಲಿ ಬಂದರುಗಳಿಗೆ ಬಿರುಗಾಳಿಯ ಮುನ್ಸೂಚನೆ ಕಳಿಸತೊಡಗಿದ. ಮುಳ್ಳು ಇಳಿಯುವುದನ್ನು ನೋಡುತ್ತಾ ನಿಂತಾಗಲೆಲ್ಲ ಆ ಹಡಗಿನ ಜನ ನೆನಪಾಗುತ್ತಾರೆ.

ರಾತ್ರಿ ಕಿಟಕಿ ಗುಡುಗಿತು, ಆದರೆ ಸಿಳ್ಳೆ ಹಾಕಲಿಲ್ಲ. ಗಾಳಿಯ ವೇಗ ಎರಡು ಪಟ್ಟಾದರೆ ಅದರ ಒತ್ತಡ ನಾಲ್ಕು ಪಟ್ಟಾಗುತ್ತದೆ. ಗಂಟೆಗೆ 36 ಕಿಲೋಮೀಟರ್ ಗಾಳಿ ಚದರ ಮೀಟರಿಗೆ 6 ಕಿಲೋ ತೂಕದಷ್ಟು ಒತ್ತಿದರೆ, 72ರ ಗಾಳಿ 24 ಕಿಲೋದಷ್ಟು ಒತ್ತುತ್ತದೆ. ಸಾಧಾರಣ ದಿನ ಗೊತ್ತೇ ಆಗದ ಸಂದು ಬಿರುಗಾಳಿಯ ದಿನ ಬಾಯಿ ಬಿಡುವುದು ಇದಕ್ಕೇ. ಊದುಬತ್ತಿ ಹಿಡಿದು ಇನ್ನೊಂದು ಸುತ್ತು ಬಂದೆ. ಎಡ ಮೂಲೆಯಲ್ಲಿ ಹೊಗೆ ನೇರವಾಗಿ ಎದ್ದಿತು. ಕುರ್ಚಿಯ ಕಾಲ ಬಳಿ 15.5. ಗಾಳಿ ನಿಂತಿದೆ, ಗಾಜಿನ ತಂಪು ಉಳಿದಿದೆ.

ಅಕ್ಟೋಬರ್ 27

ಎರಡು ವಾರ ಬರೆದಿಲ್ಲ, ಯಾಕೆಂದರೆ ಎರಡೂ ವಾರ ಸೂಜಿ ಕೈಯಲ್ಲಿತ್ತು. ಕೌದಿ ಮುಗಿಯಿತು.

ಈ ಕೆಲಸ ಮಾಡುತ್ತಾ ನನಗೆ ತಲೆಗೆ ಹೋದ ವಿಷಯ ಒಂದೇ: ಬಟ್ಟೆ ಬೆಚ್ಚಗಿಡುವುದಿಲ್ಲ, ಬಟ್ಟೆಯೊಳಗೆ ಅಲ್ಲಾಡದೆ ನಿಂತ ಗಾಳಿ ಬೆಚ್ಚಗಿಡುತ್ತದೆ. ಗಾಜಿನಲ್ಲಿ ಶಾಖ ನಿಂತ ಗಾಳಿಗಿಂತ ಸುಮಾರು 40 ಪಟ್ಟು ಸಲೀಸಾಗಿ ಹರಿಯುತ್ತದೆ. ಉಣ್ಣೆಯ ಸುರುಳಿ ಎಳೆಗಳ ಕೆಲಸವೆಂದರೆ ಗಾಳಿಯನ್ನು ಸಣ್ಣ ಸಣ್ಣ ಗೂಡುಗಳಲ್ಲಿ ಹಿಡಿದು ಕೂರಿಸುವುದು. ಹಾಗಾಗಿ ಕೌದಿಯ ಹೊಲಿಗೆಯ ಲೆಕ್ಕವೇ ಬದಲಾಯಿತು. ಹೊದೆಯುವ ಕೌದಿಗೆ ಅಮ್ಮ ಬೆರಳಗಲದ ಅಂತರದಲ್ಲಿ ಸಾಲು ಹಾಕುತ್ತಾಳೆ, ಒಗೆದು ಒಗೆದು ಬಾಳಬೇಕಲ್ಲ. ಕಿಟಕಿಯದಕ್ಕೆ ಆ ಬಾಳಿಕೆ ಬೇಡ. ಪ್ರತಿ ಹೊಲಿಗೆಯ ಸಾಲೂ ಪದರಗಳನ್ನು ಅದುಮಿ ಗಾಳಿಯನ್ನು ಹೊರಗೆ ದಬ್ಬುತ್ತದೆ. ನಾನು ಹತ್ತು ಸೆಂಟಿಮೀಟರಿಗೊಂದು ಸಾಲು ಹಾಕಿದೆ, ದಾರವನ್ನು ಬಿಗಿಯಾಗಿ ಎಳೆಯಲಿಲ್ಲ.

ಪದರಗಳು ಹೀಗೆ: ಕೋಣೆಯ ಕಡೆಗೆ ಹಳೆಯ ಹತ್ತಿ ಸೀರೆಗಳ ತುಂಡು, ನಡುವೆ ಜೂಲು ಹೋದ ಉಣ್ಣೆ ಕಂಬಳಿ ಎರಡು ಮಡಿಕೆ, ಗಾಜಿನ ಕಡೆಗೆ ಒತ್ತಾಗಿ ನೇಯ್ದ ದಪ್ಪ ಬಟ್ಟೆ. ಸೀರೆಯ ತುಂಡುಗಳನ್ನು ಜೋಡಿಸಿದ್ದು ಅಮ್ಮನೇ. ನೀಲಿ ಪಕ್ಕದಲ್ಲಿ ಹಸಿರು ಇಟ್ಟು ನೋಡುತ್ತಾಳೆ, ತಲೆ ಆಡಿಸುತ್ತಾಳೆ, ಎತ್ತಿ ಸಾಸಿವೆ ಹಳದಿ ಇಡುತ್ತಾಳೆ. ಮೂರು ಸಂಜೆ ಬರೀ ಅದರಲ್ಲೇ ಹೋಯಿತು. ಒಂದು ತುಂಡು ನನ್ನ ಅಜ್ಜಿಯ ಸೀರೆಯದು, ಅಂಚಿನ ಜರಿ ಕಪ್ಪಾಗಿದೆ. ಅದನ್ನು ಅಮ್ಮ ತನ್ನ ಕಣ್ಣ ಮಟ್ಟಕ್ಕೆ ಬರುವ ಹಾಗೆ ಇಡಿಸಿದಳು.

ತೂಗುಹಾಕಿದ ಮೊದಲ ರಾತ್ರಿ ಸಪ್ಪಗಾದೆ. ಕಾಲ ಬಳಿ ಮೊದಲಿಗಿಂತ ಒಂದು ಡಿಗ್ರಿ ಕಡಿಮೆ! ಕೌದಿ ಕಿಟಕಿಯ ಕಟ್ಟೆಗಿಂತ ನಾಲ್ಕು ಸೆಂಟಿಮೀಟರ್ ಮೇಲೆಯೇ ನಿಂತಿತ್ತು, ಮೇಲ್ಗಡೆಯೂ ರಾಡ್‌ಗೂ ಗೋಡೆಗೂ ನಡುವೆ ತೆರಪಿತ್ತು. ಬೆಚ್ಚನೆಯ ಗಾಳಿ ಮೇಲಿನಿಂದ ಒಳಗಿಳಿದು, ಗಾಜಿಗೆ ತಾಗಿ ತಣ್ಣಗಾಗಿ ಭಾರವಾಗಿ, ಕೆಳಗಿನ ಸಂದಿನಿಂದ ನೆಲಕ್ಕೆ ಸುರಿಯುತ್ತಿತ್ತು. ಅಂಗೈ ಒಡ್ಡಿದರೆ ಝರಿಯ ಹಾಗೆ ಸಿಗುತ್ತಿತ್ತು. ಕೆಳಗೆ ಹದಿನೈದು ಸೆಂಟಿಮೀಟರ್ ಪಟ್ಟಿ ಸೇರಿಸಿ, ಅದರ ಮಡಿಕೆಯೊಳಗೆ ತೊಳೆದು ಒಣಗಿಸಿದ ಮರಳಿನ ಉದ್ದ ಚೀಲ ತೂರಿಸಿದೆ. ಈಗ ಅಂಚು ಕಟ್ಟೆಯ ಮೇಲೆ ಕೂತು ಅಲ್ಲಾಡುವುದಿಲ್ಲ. ಎರಡೂ ಬದಿಗೆ ಗೋಡೆಯ ಮೇಲೆ ಹತ್ತು ಸೆಂಟಿಮೀಟರ್ ಹಾಯುತ್ತದೆ, ವೆಲ್ಕ್ರೋ ಹಿಡಿದಿದೆ. ಮೇಲಿನ ತೆರಪಿಗೆ ಒಂದು ಮರದ ಹಲಗೆ ಹೊಡೆದೆ.

ನಿನ್ನೆ ರಾತ್ರಿ ಹೊರಗೆ 6. ನಡುವೆ 19.5, ಕುರ್ಚಿಯಲ್ಲಿ 18.5, ಕಾಲ ಬಳಿ 17.5. ಹೀಟರ್ ಹತ್ತೂವರೆಗೇ ಆರಿಸಿದೆವು. ಚಳಿ ದೇಶಗಳಲ್ಲಿ ಮನೆಯೊಳಗೆ ಕನಿಷ್ಠ 18 ಡಿಗ್ರಿ ಇರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೇಳಿದೆ. ಅಮ್ಮನ ಕುರ್ಚಿ ಆ ಗೆರೆ ದಾಟಿತು.

ನವೆಂಬರ್ 2

ಹೊಸ ತೊಂದರೆ. ಬೆಳಿಗ್ಗೆ ಕೌದಿ ಎತ್ತಿದರೆ ಗಾಜಿನ ಮೇಲೆ ನೀರು ಹರಿಯುತ್ತಿದೆ, ಕೆಳಗಿನ ಮರದ ಮೇಲೆ ಎರಡು ಕಡೆ ಕರಿ ಬೂಷ್ಟು. ಕೋಣೆಯಲ್ಲಿ 20 ಡಿಗ್ರಿ, ತೇವಾಂಶ ಶೇಕಡಾ 60 ಇದ್ದರೆ 12 ಡಿಗ್ರಿಗಿಂತ ತಣ್ಣಗಿರುವ ಯಾವುದರ ಮೇಲೂ ಇಬ್ಬನಿ ಕಟ್ಟುತ್ತದೆ. ಕೌದಿ ಹಾಕಿದ ಮೇಲೆ ಕೋಣೆಯ ಬಿಸಿ ಸಿಗದೆ ಗಾಜು ಇನ್ನೂ ತಣ್ಣಗಿರುತ್ತದೆ. ಅಂದರೆ ಕೌದಿ ಕೆಲಸ ಮಾಡುತ್ತಿರುವುದಕ್ಕೇ ಈ ನೀರು.

ಉಣ್ಣೆ ಇಲ್ಲಿ ಕೈಬಿಡಲಿಲ್ಲ. ತನ್ನ ತೂಕದ ಸುಮಾರು ಮೂರನೇ ಒಂದು ಪಾಲು ತೇವ ಹೀರಿಕೊಂಡೂ ಮುಟ್ಟಿದರೆ ಒದ್ದೆ ಅನ್ನಿಸದ ಗುಣ ಅದಕ್ಕಿದೆ. ಆದರೂ ಅದರ ಮೇಲೇ ಭಾರ ಹಾಕಬಾರದು. ಈಗಿನ ದಿನಚರಿ: ಎದ್ದ ಕೂಡಲೇ ಕೌದಿ ಸುತ್ತಿ ಮೇಲೆ ಕಟ್ಟುವುದು, ಗಾಜು ಒರೆಸುವುದು, ಎದುರುಬದುರು ಕಿಟಕಿಗಳನ್ನು ಹತ್ತು ನಿಮಿಷ ಪೂರ್ತಿ ತೆರೆಯುವುದು. ಹತ್ತು ನಿಮಿಷಕ್ಕೆ ಗಾಳಿ ಬದಲಾಗುತ್ತದೆ, ಗೋಡೆ ಮತ್ತು ಸಾಮಾನುಗಳ ಬಿಸಿ ಹೋಗುವುದಿಲ್ಲ, ಮುಚ್ಚಿದ ಮೇಲೆ ಕೋಣೆ ಬೇಗ ಮೊದಲಿನಂತಾಗುತ್ತದೆ. ಒದ್ದೆ ಬಟ್ಟೆಯನ್ನು ಕೋಣೆಯೊಳಗೆ ಒಣಹಾಕುವುದನ್ನೂ ನಿಲ್ಲಿಸಿದೆವು. ತೇವಾಂಶ 52ಕ್ಕೆ ಇಳಿದಿದೆ. ಬೂಷ್ಟು ಒರೆಸಿದ್ದು ಮತ್ತೆ ಬಂದಿಲ್ಲ.

ನವೆಂಬರ್ 15

ನಿನ್ನೆಯ ಬಿರುಗಾಳಿ ಈ ವರ್ಷದ್ದರಲ್ಲೇ ದೊಡ್ಡದು. ಬ್ಯಾರೋಮೀಟರ್ 981ಕ್ಕೆ ಹೋಯಿತು. ರಾತ್ರಿ ಎಂಟೂಕಾಲಿಗೆ ಕರೆಂಟ್ ಹೋಗಿ ಬಂದದ್ದು ಬೆಳಗಿನ ಐದೂಕಾಲಿಗೆ, ಒಂಬತ್ತು ಗಂಟೆ. ಹೀಟರ್ ಇಲ್ಲ.

ಮೂವರೂ ಒಂದೇ ಕೋಣೆಗೆ ಬಂದೆವು, ಬಾಗಿಲ ಬುಡಕ್ಕೆ ಸುತ್ತಿದ ಟವೆಲ್ ಇಟ್ಟೆ. ಮೂರು ಮೈಯೆಂದರೆ ಮುನ್ನೂರು ವ್ಯಾಟ್‌ಗೆ ಹತ್ತಿರ, ಅದೇ ನಮ್ಮ ಒಲೆ. ಗಂಟೆಗೊಮ್ಮೆ ಟಾರ್ಚ್ ಹಾಕಿ ಬರೆದಿಟ್ಟಿದ್ದೇನೆ: 19.5, 19, 18.5, 18, 18, 17.5, 17.5, 17, 17, 17. ಕಳೆದ ವರ್ಷ ಹೀಗೇ ಕರೆಂಟ್ ಹೋದ ರಾತ್ರಿ ಇದೇ ಕೋಣೆ ಬೆಳಗಾಗುವಷ್ಟರಲ್ಲಿ 11 ಆಗಿತ್ತು, ಅಮ್ಮನಿಗೆ ಆಮೇಲೆ ಒಂದು ವಾರ ಕೆಮ್ಮು.

ನಿನ್ನೆ ಅವಳು ಕುರ್ಚಿ ಬಿಟ್ಟು ಏಳಲಿಲ್ಲ. ಶಾಲು ಹೊದ್ದು, ಕಾಲನ್ನು ಸಣ್ಣ ಮಣೆಯ ಮೇಲಿಟ್ಟು, ಕತ್ತಲಲ್ಲೇ ಕೌದಿಯ ಮೇಲೆ ಕೈಯಾಡಿಸುತ್ತಾ ಅಜ್ಜಿಯ ಸೀರೆಯ ಜರಿ ಹುಡುಕಿಕೊಂಡಳು. ಹೊರಗೆ ಯಾವುದೋ ಮರದ ಕೊಂಬೆ ಲಟಕ್ಕೆಂದು ಮುರಿದ ಸದ್ದು ಬಂತು. "ಒಂದು ಮೂಲೆ ಎತ್ತೇ, ನೋಡೋಣ" ಅಂದಳು. ವೆಲ್ಕ್ರೋ ಬಿಡಿಸಿ ಮೂಲೆ ಎತ್ತಿದೆ. ಮಳೆ ಅಡ್ಡಡ್ಡಲಾಗಿ ಗಾಜಿಗೆ ಬಡಿಯುತ್ತಿತ್ತು. ಒಂದು ನಿಮಿಷ ನೋಡಿ, "ಸಾಕು, ಮುಚ್ಚು, ಬಿಸಿ ಹೋಗತ್ತೆ" ಅಂದಳು.

ಉಳಿದ ಕೆಲಸ: ಬಾಗಿಲ ಬುಡಕ್ಕೆ ಟವೆಲ್ ಬದಲು ಬ್ರಷ್ ಪಟ್ಟಿ. ಹಿಂದಿನ ಕೋಣೆಯ ಕಿಟಕಿಗೂ ಕೌದಿ. ಅಳತೆ ತೆಗೆದೆ, ಅಗಲ 92, ಎತ್ತರ 118 ಸೆಂಟಿಮೀಟರ್. ಈ ಸಲ ಕೆಳಗೆ ಹದಿನೈದು ಮೊದಲೇ ಸೇರಿಸಿ ಕತ್ತರಿಸುತ್ತೇನೆ. ಅಮ್ಮ ಆಗಲೇ ಸೀರೆಗಳನ್ನು ಹರವಿಕೊಂಡು ಕೂತಿದ್ದಾಳೆ.