ಪಾಠದ ವಿಡಿಯೋವನ್ನು ಮಕ್ಕಳ ಜೊತೆ ಕೂತು ನೋಡಿದರೆ

ನಾನು ಪ್ರೌಢಶಾಲೆಯಲ್ಲಿ ವಿಜ್ಞಾನದ ಟೀಚರ್. ಪಾಠವನ್ನು ರೆಕಾರ್ಡ್ ಮಾಡಿ ತಿದ್ದಿಕೊಳ್ಳುವ ವಿಚಾರ ನಮಗೇನೂ ಹೊಸದಲ್ಲ. ಬಿ.ಎಡ್. ಓದಿದವರೆಲ್ಲ ಸೂಕ್ಷ್ಮ ಬೋಧನೆ ಮಾಡಿಯೇ ಬಂದವರು. 1960ರ ದಶಕದಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಅದು ಬೆಳೆದಾಗ ವಿಡಿಯೋ ಟೇಪಿಗೆ ದೊಡ್ಡ ಜಾಗವಿತ್ತು. ಪುಟ್ಟ ಪಾಠ ಮಾಡು, ನೋಡು, ತಿದ್ದು, ಮತ್ತೆ ಮಾಡು. ನಾನು ಓದುವಾಗ ಕ್ಯಾಮೆರಾ ಇರಲಿಲ್ಲ. ನಮ್ಮ ಜೊತೆಗಾರರೇ ವಿದ್ಯಾರ್ಥಿಗಳಂತೆ ಕೂತು ಹಾಳೆಯಲ್ಲಿ ಟಿಕ್ ಹಾಕುತ್ತಿದ್ದರು. ನಿಜವಾದ ಮಕ್ಕಳಿಗೆ ಅಲ್ಲಿ ಮಾತೇ ಇರಲಿಲ್ಲ.

ಈಗ ಕ್ಯಾಮೆರಾ ಎಲ್ಲರ ಕೈಯಲ್ಲೂ ಇದೆ. ಮಕ್ಕಳನ್ನೂ ಕೂರಿಸಿಕೊಂಡು ನೋಡಿದರೇನೇ ಅದರಿಂದ ಪೂರ್ತಿ ಉಪಯೋಗ ಅನ್ನುವುದು ನನ್ನ ಅನುಭವ. ಒಬ್ಬಳೇ ನೋಡುವಾಗ ನನ್ನ ಕಣ್ಣು ನನ್ನ ಮೇಲೇ ಇರುತ್ತದೆ. ಧ್ವನಿ ಹೇಗಿತ್ತು, ಬೋರ್ಡಿನ ಅಕ್ಷರ ಹೇಗಿತ್ತು, ಟೈಮ್ ಸಾಲಿತಾ, ಇಷ್ಟೇ. ಪಾಠ ಎಲ್ಲಿ ಕೈತಪ್ಪಿತು ಅನ್ನುವುದು ಮಕ್ಕಳಿಗೆ ಮಾತ್ರ ಗೊತ್ತು.

ಹತ್ತನೇ ತರಗತಿಯ ವಿದ್ಯುತ್ ಪಾಠದ ವಿಡಿಯೋ ನೋಡುತ್ತಿದ್ದೆವು. ಬೋರ್ಡಿನಲ್ಲಿ ಮಂಡಲದ ಚಿತ್ರ, ಬ್ಯಾಟರಿ, ಬಲ್ಬು. ನಾನು ವಿದ್ಯುತ್ ಹರಿಯುವ ದಿಕ್ಕಿಗೆ ಬಾಣ ಬರೆದೆ. ಹಿಂದಿನ ಬೆಂಚಿನ ಒಬ್ಬ ಹುಡುಗಿ, "ಮಿಸ್, ಇಲ್ಲಿ ನಿಲ್ಲಿಸಿ" ಅಂದಳು. ನಿಲ್ಲಿಸಿದೆ. "ಈಗಷ್ಟೇ ಎಲೆಕ್ಟ್ರಾನ್ ಮೈನಸ್‌ನಿಂದ ಪ್ಲಸ್ ಕಡೆಗೆ ಹೋಗುತ್ತೆ ಅಂದ್ರಿ. ಬಾಣ ಯಾಕೆ ಉಲ್ಟಾ ಇದೆ?" ಪಕ್ಕದವಳು ತಲೆಯಾಡಿಸಿದಳು. ಆಮೇಲೆ ನೋಡಿದರೆ ಅರ್ಧ ಕ್ಲಾಸಿಗೆ ಅದೇ ಅನುಮಾನ. ಆ ಬಾಣದ ನಂತರ ಹೇಳಿದ ಓಮ್‌ನ ನಿಯಮವನ್ನು ಅವರು ಬರೆದುಕೊಂಡಿದ್ದರು, ಮನಸ್ಸು ಮಾತ್ರ ಬಾಣದ ಹತ್ತಿರವೇ ನಿಂತಿತ್ತು. ಮರುದಿನದ ಪಾಠವನ್ನು ಅಲ್ಲಿಂದಲೇ ಶುರು ಮಾಡಿದೆ. ಪ್ಲಸ್‌ನಿಂದ ಮೈನಸ್‌ಗೆ ಅಂತ ದಿಕ್ಕು ಗೊತ್ತುಮಾಡಿಕೊಂಡದ್ದು ಮೊದಲು. ಥಾಮ್ಸನ್ ಎಲೆಕ್ಟ್ರಾನನ್ನು ಕಂಡುಹಿಡಿದದ್ದು 1897ರಲ್ಲಿ. ಅಷ್ಟು ಹೊತ್ತಿಗೆ ಹಳೆಯ ರೂಢಿ ಬೇರೂರಿಬಿಟ್ಟಿತ್ತು. ಈ ಕಥೆ ಕೇಳಿದ ಮೇಲೆ ಬಾಣ ಯಾರನ್ನೂ ಕಾಡಲಿಲ್ಲ.

ಇನ್ನೊಂದು ವಿಷಯ, ಕಾಯುವುದು. ಪ್ರಶ್ನೆ ಕೇಳಿದ ಮೇಲೆ ಟೀಚರು ಎಷ್ಟು ಹೊತ್ತು ಸುಮ್ಮನಿರುತ್ತಾರೆ ಅಂತ ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ರೆಕಾರ್ಡಿಂಗ್ ಕೇಳಿ ಅಳೆದಿದ್ದರು. ಸಾಮಾನ್ಯವಾಗಿ ಒಂದೇ ಸೆಕೆಂಡು. ಅದನ್ನು ಮೂರು ಸೆಕೆಂಡಿಗೆ ಏರಿಸಿದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ಜಾಸ್ತಿ ಮಕ್ಕಳು ಬಾಯಿ ಬಿಡುತ್ತಾರೆ ಅಂತ ಅವರು ತೋರಿಸಿದರು. ಈ ಲೆಕ್ಕವನ್ನು ನಾನು ಮಕ್ಕಳ ಕೈಗೇ ಕೊಟ್ಟೆ. ಒಬ್ಬರ ಹತ್ತಿರ ಸ್ಟಾಪ್‌ವಾಚ್, ಒಬ್ಬರ ಹತ್ತಿರ ಪೆನ್ಸಿಲ್. ಸೆಕೆಂಡಿನ ಜೊತೆಗೆ ಅವರು ನಾನು ಕೇಳದೇ ಇದ್ದದ್ದನ್ನೂ ಗುರುತು ಹಾಕಿಕೊಂಡರು. ಪ್ರಶ್ನೆ ಯಾವ ಸಾಲಿಗೆ ಹೋಯಿತು ಅಂತ. "ನೀವು ಕಿಟಕಿ ಕಡೆಯವರನ್ನೇ ಕೇಳ್ತೀರಿ ಅಂತ ನಮಗೆ ಗೊತ್ತು ಮಿಸ್. ಅದಕ್ಕೇ ಈ ಕಡೆಯವರು ಆರಾಮಾಗಿ ಇರ್ತೀವಿ." ಯಾವ ತಪಾಸಣೆಯವರೂ ನನಗೆ ಇದನ್ನು ಹೇಳಿರಲಿಲ್ಲ.

ಆದರೆ ಮಕ್ಕಳು ಇಷ್ಟು ಬಿಚ್ಚಿ ಮಾತಾಡುವುದು ತಾನಾಗಿ ಬರುವುದಿಲ್ಲ. ಪಾಠ ಹೇಗಿತ್ತು ಅಂದರೆ ಎಲ್ಲರದ್ದೂ ಒಂದೇ ರಾಗ, "ಚೆನ್ನಾಗಿತ್ತು ಮಿಸ್." ಗುರುವಿನ ತಪ್ಪು ಎತ್ತಿ ಆಡಬಾರದು ಅಂತ ಮನೆಯಲ್ಲೇ ಕಲಿತು ಬಂದಿರುತ್ತಾರೆ, ಅದು ಸಹಜ ಅಲ್ವಾ? ಹಾಗಾಗಿ ನನ್ನ ಬಗ್ಗೆ ಕೇಳುವುದನ್ನೇ ಬಿಟ್ಟೆ. ಒಂದು ಚೀಟಿ ಕೊಡುತ್ತೇನೆ, ಹೆಸರು ಬೇಡ. ನಿಮಗೆ ಅರ್ಥವಾಗುವುದು ನಿಂತುಹೋದ ಜಾಗದ ನಿಮಿಷ, ಸೆಕೆಂಡು ಬರೆಯಿರಿ. ಅಷ್ಟೇ. ಐದಾರು ಚೀಟಿಯಲ್ಲಿ 4:20ರ ಆಸುಪಾಸು ಬಂದರೆ ಅಲ್ಲಿಗೆ ಹೋಗಿ ನಿಲ್ಲಿಸುತ್ತೇವೆ. ಆಗ ಮಾತು ಪಾಠದ ಬಗ್ಗೆ ಇರುತ್ತದೆ, ಯಾರಿಗೂ ಸಂಕೋಚವಿಲ್ಲ. ವಿಡಿಯೋ ನೋಡಲು ಮಕ್ಕಳ ಗುಂಪು ಮಾಡುವಾಗ ಜಾಣರನ್ನೇ ಆರಿಸಬೇಡಿ. ಕ್ಲಾಸಿನಲ್ಲಿ ಮಾತೇ ಆಡದವರ ಚೀಟಿ ನನಗೆ ಎಲ್ಲಕ್ಕಿಂತ ಹೆಚ್ಚು ಕಲಿಸಿದೆ.

ಮಾಡುವವರಿಗೆ ಕೆಲವು ಮಾತು. ಇಡೀ ಪೀರಿಯಡ್ ರೆಕಾರ್ಡ್ ಮಾಡಬೇಡಿ, ಹತ್ತು ನಿಮಿಷ ಸಾಕು. ಮಕ್ಕಳಿಗೆ ಕಷ್ಟ ಅಂತ ನಿಮಗೆ ಮೊದಲೇ ಅನಿಸಿರುವ ಹತ್ತು ನಿಮಿಷ ಆರಿಸಿ. ಫೋನ್ ಫ್ಲೈಟ್ ಮೋಡ್‌ನಲ್ಲಿರಲಿ. ಹಿಂದೆ ಇಟ್ಟ ಫೋನಿಗೆ ಫ್ಯಾನಿನ ಸದ್ದೇ ಜಾಸ್ತಿ ಕೇಳುತ್ತದೆ. ಹಳೆಯ ಫೋನೊಂದನ್ನು ಮುಂದಿನ ಬೆಂಚಿನ ಮೇಲೆ ಇಟ್ಟು ಧ್ವನಿ ಮಾತ್ರ ಬೇರೆಯಾಗಿ ತೆಗೆದುಕೊಳ್ಳಿ. ಕ್ಯಾಮೆರಾ ಹಿಂದಿನಿಂದ ಬೋರ್ಡಿನ ಕಡೆಗೆ ಇದ್ದರೆ ಮಕ್ಕಳ ಮುಖ ಬೀಳುವುದಿಲ್ಲ. ಆದರೂ ಹೆಡ್‌ಮಾಸ್ಟರಿಗೆ ಹೇಳಿ, ಪೋಷಕರ ಒಪ್ಪಿಗೆ ಬರಹದಲ್ಲೇ ತೆಗೆದುಕೊಳ್ಳಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ವರ್ಷದೊಳಗಿನವರೆಲ್ಲ ಮಕ್ಕಳೇ, ಅವರ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕು. ವಿಡಿಯೋ ವಾಟ್ಸ್ಆ್ಯಪ್ ಸ್ಟೇಟಸ್‌ಗೆ ಹೋಗಲೇಬಾರದು. ಚರ್ಚೆ ಮುಗಿದ ಮೇಲೆ ನಾನು ಮಕ್ಕಳ ಎದುರಿಗೇ ಡಿಲೀಟ್ ಮಾಡುತ್ತೇನೆ. ಅದನ್ನು ನೋಡಿದ ಮೇಲೆಯೇ ಅವರಿಗೆ ಪೂರ್ತಿ ನಂಬಿಕೆ ಬಂದದ್ದು. ಇದೇ ಕಾರಣಕ್ಕೆ ಈ ವಿಡಿಯೋಗಳನ್ನು ಟೀಚರುಗಳಿಗೆ ಅಂಕ ಹಾಕಲು ಯಾರೂ ಬಳಸಬಾರದು ಅನ್ನುತ್ತೇನೆ. ಅಂಕ ಬಂದ ದಿನ ಎಲ್ಲರೂ ಚೆನ್ನಾಗಿ ಬರುವ ಪಾಠವನ್ನೇ ರೆಕಾರ್ಡ್ ಮಾಡುತ್ತಾರೆ.

ಮಕ್ಕಳಲ್ಲೂ ಒಂದು ಬದಲಾವಣೆ ಕಂಡೆ. ಈಗ ವಿಡಿಯೋ ಇಲ್ಲದ ದಿನವೂ ಪಾಠದ ನಡುವೆ ಕೈ ಎತ್ತಿ, "ಮಿಸ್, ಇಲ್ಲಿಗೆ ನಿಂತಿತು" ಅನ್ನುತ್ತಾರೆ. ತನಗೆ ಏನು ಅರ್ಥವಾಗಿಲ್ಲ ಅಂತ ತಾನೇ ಗುರುತು ಹಿಡಿಯುವುದು ದೊಡ್ಡವರಿಗೂ ಸುಲಭವಲ್ಲ.

ಮುಂದಿನದು ಬೆಳಕಿನ ಪಾಠ, ಮಸೂರದ ರೇಖಾಚಿತ್ರ. ಈ ಸಲ ಬೋರ್ಡಿನ ವಿಡಿಯೋ ಬೇಡವಂತೆ, ತಾವು ಚಿತ್ರ ಬಿಡಿಸುವಾಗ ನೋಟ್‌ಬುಕ್ಕಿನ ಮೇಲೆ ಕ್ಯಾಮೆರಾ ಇಡಿ ಅಂತ ಮಕ್ಕಳೇ ಕೇಳಿದ್ದಾರೆ. ಎರಡನೇ ಕಿರಣ ಎಳೆಯುವಾಗ ಎಲ್ಲರ ಪೆನ್ಸಿಲ್ ಒಂದೇ ಕಡೆ ತಡವರಿಸುತ್ತದಾ ನೋಡಬೇಕಂತೆ ಅವರಿಗೆ. ಸ್ಟ್ಯಾಂಡ್‌ಗೆ ಫೋನನ್ನು ಕೆಳಮುಖವಾಗಿ ಹಿಡಿಯುವ ಕ್ಲಿಪ್ ಬೇಕು. ಲ್ಯಾಬಿನ ಬ್ಯೂರೆಟ್ ಸ್ಟ್ಯಾಂಡ್‌ಗೆ ಕಟ್ಟಿ ನೋಡುತ್ತೇವೆ.